ಕೆಸರಿನ ಸಾಕ್ಷಿ

ಸರೋವರದ ತಳದ ಕೆಸರನ್ನು ಉದ್ದನೆಯ ಕೊಳವೆಯಲ್ಲಿ ತೆಗೆದು ಪರೀಕ್ಷಿಸಲು ಪಟ್ಟಣದಿಂದ ಬಂದಿದ್ದ ಇರ್ಮಾ ಮೇಡಂ ಬೆಳಿಗ್ಗೆ ಕಾಫಿ ಕುಡಿಯುತ್ತ ಒಂದು ಮಾತು ಆಡಿದರು. ಆಡಬಾರದಿತ್ತು.

"ಕೆಸರಿಗೆ ಎಲ್ಲ ನೆನಪಿರುತ್ತೆ. ಜನ ಯಾವಾಗ ಮೆಕ್ಕೆಜೋಳ ಬಿತ್ತಿದ್ರು, ಯಾವಾಗ ಕಾಡು ಸುಟ್ರು, ಎಲ್ಲ. ಹೂವಿನ ಪರಾಗ, ಇದ್ದಿಲಿನ ಚೂರು ಪದರ ಪದರವಾಗಿ ಕೂತಿರುತ್ತೆ. ಸಂಜೆ ಕೊಳವೆ ಬಿಚ್ಚಿ ಊರಿಗೆಲ್ಲ ತೋರಿಸ್ತೀನಿ."

ದೋಣಿಯ ಹುಟ್ಟು ಹಿಡಿದು ನಿಂತಿದ್ದ ಕ್ರಿಸಾಂತೊ ಕುಕುಲ್ ಅದನ್ನು ತನ್ನ ಕಾಲ ಮೇಲೇ ಬಿಟ್ಟುಕೊಂಡ.

ಹೋದ ವರ್ಷ ಬಿತ್ತನೆಗೆ ಮುಂಚೆ ಹೊಲದ ಕುರುಚಲು ಸುಡುವಾಗ ಅವನು ಸೋಮಾರಿತನದಿಂದ, ಬೆಂಕಿ ಹೊರಗೆ ಹರಡದಂತೆ ಸುತ್ತಲೂ ಬೆಂಕಿರೇಖೆ ಕಡಿದಿರಲಿಲ್ಲ. ಬೆಂಕಿ ಹಾರಿ, ಊರು ಕಾಯುವ ದೈವ ಬೆಟ್ಟದೊಡೆಯನ ಧೂಪದ ಮರಗಳ ತೋಪನ್ನೇ ಬೂದಿ ಮಾಡಿತ್ತು. ಒಡೆಯನ ಗುಹೆಯಲ್ಲಿ ತಲೆಮಾರುಗಳಿಂದ ಉರಿದ ಧೂಪವೆಲ್ಲ ಆ ಮರಗಳದ್ದು. "ಸಿಡಿಲು! ಸಿಡಿಲು!" ಎಂದು ಮೊದಲು ಕೂಗಿದವನೂ ಕ್ರಿಸಾಂತೊನೇ. ಊರು ತಲೆಯಾಡಿಸಿತ್ತು.

ನಾಳೆ ಅವನ ಹೊಲದ ಬಿತ್ತನೆ. ಊರಿನ ಗಂಡಸರೆಲ್ಲ ಬೀಜದ ಕುಳಿ ತೋಡುವ ಮೊನೆಕೋಲು ಹಿಡಿದು ಬರಬೇಕು. ಒಡೆಯನ ತೋಪು ಸುಟ್ಟವನ ಹೊಲಕ್ಕೆ ಯಾರು ಕಾಲಿಡುತ್ತಾರೆ? ಒಬ್ಬನೇ ಬಿತ್ತಿ ಮುಗಿಸುವಷ್ಟರಲ್ಲಿ ಹದ ಹೋಗಿರುತ್ತದೆ. ಹೆಂಡತಿ ಮಕ್ಕಳಿಗೆ ವರ್ಷವಿಡೀ ಗಾಳಿಯೇ ಗತಿ.

ಮಧ್ಯಾಹ್ನ ಮೇಡಂ ಸ್ನಾನಕ್ಕೆ ಹೋದಾಗ, ಸರೋವರದಿಂದ ಕೆಸರು ತುಂಬಿಸಿ ತಂದ ಕೊಳವೆ ಪ್ರಾರ್ಥನಾಮಂದಿರದ ಜಗಲಿಗೆ ಒರಗಿ ನಿಂತಿತ್ತು, ಎಲ್ಲ ಕಂಡೂ ಬಾಯಿ ಮುಚ್ಚಿಕೊಂಡಿರುವ ಮುದುಕನ ಹಾಗೆ. ಹೋದ ವರ್ಷದ ಬೆಂಕಿಯ ಇದ್ದಿಲು ತುತ್ತತುದಿಯಲ್ಲೇ ಇರಬೇಕು! ಕ್ರಿಸಾಂತೊ ಮುಚ್ಚಳ ತೆಗೆದು ಒಂದು ಹಿಡಿ ಕೆಸರನ್ನು ಬಾಚಿಕೊಂಡ. ಅದೇ ಹೊತ್ತಿಗೆ ಬೆಟ್ಟದ ಮೇಲೆ ಗುಡುಗು ಹೊರಳಿತು. ಒಡೆಯ ನೋಡುತ್ತಿದ್ದಾನೆ! ಅವಸರದಲ್ಲಿ ಕೆಸರನ್ನು ಬಾಳೆಲೆಗೆ ಸುತ್ತಿ ನಾರು ಬಿಗಿಯುವಾಗ ಹಿಂದಿನಿಂದ ದನಿ ಕೇಳಿಸಿತು.

"ಏನೋ ಅದು?" ಪಕ್ಕದ ಮನೆಯ ಪೆಟ್ರೋನಕ್ಕ, ತಲೆಯ ಮೇಲೆ ತಮಾಲ್‌ಗಳ, ಅಂದರೆ ಬಾಳೆಲೆಯಲ್ಲಿ ಕಟ್ಟಿದ ಮೆಕ್ಕೆಜೋಳದ ಕಡುಬುಗಳ ಬುಟ್ಟಿ.

"ತ... ತಮಾಲ್, ಅಕ್ಕ."

"ನಿನ್ನ ಹೆಂಡತಿ ಕಟ್ಟಿದ್ದಾ? ಅದಕ್ಕೇ ಇಷ್ಟು ಮೆತ್ತಗಿದೆ! ತಾ ಇಲ್ಲಿ, ಸಂಜೆ ಊಟಕ್ಕೆ ಒಂದು ಕಮ್ಮಿ ಬೀಳ್ತಿತ್ತು." ಪೊಟ್ಟಣ ಕಿತ್ತುಕೊಂಡು ಬುಟ್ಟಿಗೆ ಹಾಕಿ ಅವಳು ನಡೆದೇಬಿಟ್ಟಳು.

ಕ್ರಿಸಾಂತೊ ಹಿಂದೆ ಓಡಿದ. ದಾರಿಯಲ್ಲಿ ಬಿದ್ದಿದ್ದ ಹಗ್ಗವನ್ನು ಒಡೆಯ ಕಳಿಸಿದ ಹಾವೆಂದೇ ತಿಳಿದು ಹಾರಿ, ಟರ್ಕಿ ಕೋಳಿಗಳ ನಡುವೆ ಬಿದ್ದ. ಎದ್ದು ಅಡುಗೆ ಚಪ್ಪರಕ್ಕೆ ಬರುವಷ್ಟರಲ್ಲಿ ತಮಾಲ್‌ಗಳೆಲ್ಲ ಹಂಡೆಯಲ್ಲಿ ಬೇಯುತ್ತಿದ್ದವು, ಒಂದೇ ತಾಯಿಯ ಮಕ್ಕಳಂತೆ. ಬೆರಳು ಸುಟ್ಟುಕೊಳ್ಳುತ್ತ ಒಂದೊಂದನ್ನೇ ಹಿಚುಕಿ ನೋಡತೊಡಗಿದಾಗ ಬೆನ್ನಿಗೆ ಪೆಟ್ರೋನಕ್ಕನ ಸೌಟು ಬಿತ್ತು.

"ನಾಚಿಕೆ ಆಗಲ್ವೇನೋ? ನಾಳೆ ಬಿತ್ತೋನು ಇವತ್ತು ವ್ರತ ಇರ್ಬೇಕು. ಹಂಡೆಗೇ ಕೈ ಹಾಕ್ತೀಯಲ್ಲೋ!"

ಸಂಜೆ ಬಿತ್ತನೆಯ ಪ್ರಾರ್ಥನೆಗೆಂದು ಮಂದಿರದ ಶಿಲುಬೆಯ ಮುಂದೆ ಮೇಣದಬತ್ತಿ ಹಚ್ಚಿ ಊರೆಲ್ಲ ಕೂತಿತು. ಸೀಳಿದ ಕೊಳವೆ ಹಲಗೆಯ ಮೇಲೆ ಮಲಗಿತ್ತು. ತಮಾಲ್ ಹಂಚಿದರು. ಒಂದೊಂದು ಎಲೆ ಬಿಚ್ಚಿಕೊಂಡಾಗಲೂ ಕ್ರಿಸಾಂತೊ ಒಳಗೇನಿದೆಯೆಂದು ಕತ್ತು ಚಾಚಿ ಇಣುಕುತ್ತಿದ್ದ. ಕೊನೆಗೆ ಮೇಡಂ ತಮ್ಮದನ್ನು ಬಿಚ್ಚಿದರು. ಮೂಸಿದರು. ಬೆರಳಿನಿಂದ ತೀಡಿದರು.

"ಇದು ಸರೋವರದ ಕೆಸರಲ್ವಾ? ನೋಡಿ, ಇದ್ದಿಲೂ ಇದೆ!"

ಬೆಟ್ಟ ಮತ್ತೆ ಗುಡುಗಿತು. ಕ್ರಿಸಾಂತೊ ಊರ ಹಿರಿಯ ಲಾಜಾರೊ ಅಜ್ಜನ ಕಾಲಿಗೆ ದೊಪ್ಪನೆ ಬಿದ್ದ. "ಸಿಡಿಲಲ್ಲ ಅಜ್ಜ, ನಾನೇ! ತೋಪು ಸುಟ್ಟಿದ್ದು ನಾನೇ! ಬೆಂಕಿರೇಖೆ ಕಡೀಲಿಲ್ಲ, ಕೆಸರು ಹೇಳಿಬಿಡುತ್ತೆ ಅಂತ ಕದ್ದೆ!"

ಮೇಡಂಗೆ ಅಯ್ಯೋ ಅನ್ನಿಸಿತು. "ಮೇಲಿನ ಈ ಹಿಡಿ ಕೆಸರನ್ನ ನಾನು ನೋಡೋದೇ ಇಲ್ಲಪ್ಪ. ದೋಣಿಯಲ್ಲೇ ಕಲಕಿಹೋಗಿರುತ್ತೆ, ಎಸೆದುಬಿಡ್ತೀನಿ. ನನಗೆ ಬೇಕಾದ್ದು ಸಾವಿರ ವರ್ಷದ ಹಿಂದಿನ ಮಾತು."

ಕ್ರಿಸಾಂತೊ ತಲೆ ಎತ್ತಿದ. "ಹಾಗಾದ್ರೆ ಅಜ್ಜ... ನಾನು ಈಗ ಹೇಳಿದ್ದು..."

"ಸಿಡಿಲು ಬಡಿದ ದಿನ ಆಕಾಶದಲ್ಲಿ ಒಂದು ಮೋಡ ಇರ್ಲಿಲ್ಲ," ಎಂದ ಅಜ್ಜ ಶಾಂತವಾಗಿ. "ನಿನ್ನ ಮುಖದಲ್ಲಿ ಹುಬ್ಬು ಇರ್ಲಿಲ್ಲ. ಊರಿಗೆಲ್ಲ ಅವತ್ತೇ ಗೊತ್ತು."

"ಮತ್ತೆ ಯಾರೂ ಯಾಕೆ..."

"ನಿನ್ನ ಮಕ್ಕಳ ಮುಖ ನೋಡಿ ಸುಮ್ಮನಿದ್ವಿ," ಎಂದಳು ಪೆಟ್ರೋನಕ್ಕ. "ಇನ್ನು ಹೇಗಪ್ಪ ಸುಮ್ಮನಿರೋದು? ಗುಡುಗ್ತಿರೋ ಒಡೆಯನ ಎದುರಿಗೇ ಹೇಳಿಬಿಟ್ಯಲ್ಲ!"

ಅಜ್ಜ ಶಿಲುಬೆಗೆ ಕೈಮುಗಿದು ಹೇಳಿದ: "ಸಸಿ ನೀನೇ ನೆಡ್ಬೇಕು. ತೋಪು ಮೊದಲಿನ ಹಾಗೆ ಆಗೋವರೆಗೂ ನಿನ್ನ ಹೊಲಕ್ಕೆ ಯಾರೂ ಬರೋ ಹಾಗಿಲ್ಲ." ಆಮೇಲೆ ಮೇಡಂ ಕಡೆ ತಿರುಗಿದ. "ನಮ್ಮ ಹಿರೀಕರೂ ಕಾಡು ಸುಟ್ಟಿದ್ರು ಅಂದ್ರಲ್ಲ ತಾಯಿ, ಅದು ಮತ್ತೆ ಬೆಳೆಯೋಕೆ ಎಷ್ಟು ಕಾಲ ಹಿಡೀತಂತೆ?"

ಮೇಡಂ ಕೊಳವೆಯ ಮೇಲೆ ಬೆರಳಾಡಿಸಿದರು. "ಈ ಬೂದು ಜೇಡಿ ನೋಡಿ, ಮರ ಹೋದ ಮೇಲೆ ಬೆಟ್ಟದಿಂದ ಕೊಚ್ಚಿಬಂದ ಮಣ್ಣು. ಅದರ ಮೇಲಿನ ಕಪ್ಪು ಪದರ, ಕಾಡು ವಾಪಸ್ ಬಂದಿದ್ದು. ಪಕ್ಕದ ಸರೋವರದ ಪರಾಗ ಎಣಿಸಿದ್ವಿ. ಅಲ್ಲಿನ ಲೆಕ್ಕದಲ್ಲಿ... ಇನ್ನೂರು ವರ್ಷ."

ಅಜ್ಜ ಕ್ರಿಸಾಂತೊನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟ.

"ಕೇಳಿಸ್ತಲ್ಲ ಮಗಾ. ನಾಳೆ ಬೆಳಿಗ್ಗೆ ಸ್ವಲ್ಪ ಬೇಗ ಎದ್ದು ತೋಪಿಗೆ ಬಾ."