ಗೋಪುರದ ಗಂಟೆಯೂ ಸಡಿಲ ಗುಂಡಿಯೂ

ಮೇಲಿನಿಂದ ನೋಡಿದರೆ ಆ ಬೀದಿ ಹೀಗೆ ಕಾಣುತ್ತಿತ್ತು: ಇಳಿಬಿಸಿಲಿನಲ್ಲಿ ಉದ್ದಕ್ಕೆ ಮೈಚಾಚಿದ ಅಂಗಡಿಗಳ ನೆರಳು, ನೆರಳಿನ ಅಂಚಿಗೆ ಅರ್ಧ ಇಳಿಸಿದ ಒಂದು ಷಟರು, ಅದರ ಹಿಂದೆ ಹೊಲಿಗೆ ಯಂತ್ರದ ಕಬ್ಬಿಣದ ಕಾಲು, ಹೊಸ್ತಿಲಲ್ಲಿ ಒಬ್ಬ ಹೆಂಗಸು. ಕೊರಳಲ್ಲಿ ಅಳತೆಯ ಟೇಪು, ತುಟಿಗಳ ನಡುವೆ ತೆಗೆಯಲು ಮರೆತ ಗುಂಡುಸೂಜಿ, ಹಣೆಗೆ ಅಡ್ಡ ಹಿಡಿದ ಅಂಗೈ. ಆಕೆ ತಲೆಯೆತ್ತಿ ಗೋಪುರದ ಕಡೆ ನೋಡುತ್ತಿದ್ದಳು. ಗಂಟೆಯ ಕೊನೆಯ ಬಡಿತದ ಗುಂಗು ಗಾಳಿಯಲ್ಲಿ ಕರಗುವ ತನಕ ಆ ಚಿತ್ರ ಕದಲುತ್ತಿರಲಿಲ್ಲ. ಆಮೇಲೆ ಷಟರು ಪೂರ್ತಿ ಇಳಿಯುತ್ತಿತ್ತು. ಆಕೆ ಹೊರಟುಬಿಡುತ್ತಿದ್ದಳು.

ನಗರಸಭೆಯ ಗೋಪುರದ ಗುಮಾಸ್ತರು ಬದುಕಿದ್ದುದೇ ಈ ಚಿತ್ರಕ್ಕಾಗಿ. ಗೋಪುರದ ಗಡಿಯಾರ ಸತ್ತು ಎಷ್ಟೋ ಕಾಲವಾಗಿತ್ತು. ಹಾಗಾಗಿ ದಿನಾ ಸಂಜೆ ಆರಕ್ಕೆ ಯಾರಾದರೂ ಹತ್ತಿ ಹೋಗಿ, ಹಗ್ಗ ಎಳೆದು, ಕಚೇರಿ ಮುಚ್ಚಿತೆಂದು ಊರಿಗೆ ಸಾರಬೇಕಿತ್ತು. ಮನೆಯಲ್ಲಿ ಕಾಯುವವರಿಲ್ಲದ ಗುಮಾಸ್ತರ ಪಾಲಿಗೆ ಆ ಕೆಲಸ ಬಂದಿತ್ತು. ಬಾರಿಸಿದ ಮೇಲೆ ಹಗ್ಗ ಸುತ್ತಿ, ಕಿಟಕಿಗಳ ಚಿಲಕ ಹಾಕಿ, ಏದುಸಿರು ಬಿಡುತ್ತ ಅವರು ಕೆಳಗಿಳಿಯುವಷ್ಟರಲ್ಲಿ ಅಂಗಡಿಯ ಮುಂದೆ ಬಟ್ಟೆಯ ಚೂರುಗಳಷ್ಟೇ ಉಳಿದಿರುತ್ತಿದ್ದವು. ಹಗಲಲ್ಲಿ ಮಾತಾಡಿಸಬಹುದಿತ್ತು, ನಿಜ. ಆದರೆ ಆ ಅಂಗಡಿ ಹತ್ತಿರ ಬಂದೊಡನೆ ಅವರ ನಾಲಿಗೆ, ಒದ್ದೆ ಮಾಡಿದ ಅಂಚೆಚೀಟಿಯಂತೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ತೊಂದರೆ ಶುರುವಾದದ್ದು ಗಂಟೆಯ ಅಂಚಿನಲ್ಲಿದ್ದ ಒಂದು ಸಾಲಿನಿಂದ. ಆ ಗಂಟೆ ಹಿಂದೆ ಒಂದು ಪ್ರಾರ್ಥನಾ ಮಂದಿರದ್ದು. ಹಳೆಯ ಕಟ್ಟಡ ಕೆಡವಿದಾಗ ನಗರಸಭೆಯ ಪಾಲಾಗಿತ್ತು. ಎರಕದಲ್ಲೇ ಮೂಡಿದ ದೇವರ ಸ್ತುತಿಯೊಂದು ಅದರ ಅಂಚಿನಲ್ಲಿ ಹಾಗೆಯೇ ಉಳಿದಿತ್ತು. ಯಾರೋ ಒಬ್ಬ 'ಬೀದಿಯ ನಿವಾಸಿ' ವಕೀಲರನ್ನು ಹಿಡಿದು ದಾವೆ ಹೂಡಿದ್ದರು; ಅವರ ಹೆಸರು ಆ ವಕೀಲರಿಗೆ, ನ್ಯಾಯಾಧೀಶರಿಗೆ ಮಾತ್ರ ಗೊತ್ತು. ಸರಕಾರಕ್ಕೆ ಧರ್ಮವಿಲ್ಲ, ಸರಕಾರಿ ಗೋಪುರದಲ್ಲಿ ಪ್ರಾರ್ಥನೆಯ ಗಂಟೆ ಬಾರಿಸುವುದು ಕಾನೂನಿಗೆ ವಿರುದ್ಧ, ನಿಲ್ಲಿಸಬೇಕು ಎಂಬುದು ಅವರ ವಾದ. ನಿಲ್ಲಿಸುವುದಾದರೆ ನಮಗೇ ಕೊಡಿ ಎಂದು ಹೊಸ ಮಂದಿರದ ಯಜಮಾನರೂ ನಡುವೆ ತಲೆ ಹಾಕಿದರು. ನ್ಯಾಯಾಧೀಶರು ಯೋಚಿಸಿ, ಲೋಹಕ್ಕೆ ಮನಸ್ಸಿಲ್ಲ, ಹಗ್ಗ ಎಳೆಯುವವನ ಮನಸ್ಸಿನಲ್ಲಿ ಏನಿದೆಯೋ ಅದೇ ಗಂಟೆಯ ಮನಸ್ಸು ಎಂದರು. ಹೀಗೆ ಗುಮಾಸ್ತರು ಸಾಕ್ಷಿಯಾದರು.

ವಿಚಾರಣೆಯ ದಿನ ಬೆಳಿಗ್ಗೆ ಕಚೇರಿಯಲ್ಲಿ ಹೆಡ್ ಕ್ಲರ್ಕು ಗುಮಾಸ್ತರ ಮೇಜಿಗೆ ಕುರ್ಚಿ ಎಳೆದುಕೊಂಡು ಕೂತರು.

"ನೋಡ್ರೀ, ತುಂಬಾ ಸುಲಭ. ಮನಸ್ಸಲ್ಲಿ ಏನಿರುತ್ತೆ ಅಂತ ಕೇಳ್ತಾರೆ. ಸರಕಾರ ಅನ್ನಿ. ಮುಗೀತು."

"ಮನಸ್ಸಲ್ಲಿ ಸರಕಾರ ಇರೋದು ಹೇಗೆ ಸಾರ್?"

"ಇಷ್ಟು ವರ್ಷ ಸಂಬಳ ತಗೊಂಡು ಹೀಗೆ ಕೇಳ್ತೀರಲ್ರೀ!"

ಕೋರ್ಟಿನ ಮೆಟ್ಟಿಲ ಬಳಿ ಮಂದಿರದ ಯಜಮಾನರು ಅಡ್ಡಗಟ್ಟಿದರು. "ಅಣ್ಣಾ, ನಿಮ್ಮನ್ನ ಕೆಳಗಿಂದ ನೋಡಿದೀನಿ. ಬಾರಿಸುವಾಗ ಆ ಮುಖದಲ್ಲಿ ಎಂಥಾ ಕಳೆ! ಅದು ಭಕ್ತಿ ಅಲ್ದೆ ಮತ್ತೇನು? ಇದ್ದದ್ದು ಇದ್ದಹಾಗೆ ಹೇಳಿಬಿಡಿ."

ಇದ್ದದ್ದು ಇದ್ದ ಹಾಗೆ! ಗುಮಾಸ್ತರು ಮೆಟ್ಟಿಲು ಹತ್ತುತ್ತಲೇ ಲೆಕ್ಕ ಹಾಕಿದರು. ದೇವರು ಎಂದರೆ ಗಂಟೆ ಹೋಗುತ್ತದೆ. ಗಂಟೆಯ ಜೊತೆ ಗೋಪುರ, ಗೋಪುರದ ಜೊತೆ ಆ ಸಂಜೆಯ ಚಿತ್ರ. ನಿಜ ಹೇಳಿದರೆ ಆಕೆಯ ಹೆಸರು ಬೀದಿಯವರ ಬಾಯಲ್ಲಿ ಚೂಯಿಂಗ್ ಗಮ್ ಆಗುತ್ತದೆ. ಉಳಿದದ್ದು ಸರಕಾರವೊಂದೇ.

ಕಟಕಟೆಯಲ್ಲಿ ಪ್ರಮಾಣ ಮಾಡಿದವರು ತಮ್ಮ ಕಾಲ್ಬೆರಳುಗಳನ್ನೇ ನೋಡುತ್ತ ನಿಂತರು. ದಾವೆದಾರರ ವಕೀಲರು ಅರ್ಜಿಯನ್ನು ಪದ್ಯದಂತೆ ನಿಲ್ಲಿಸಿ ನಿಲ್ಲಿಸಿ ಓದಿದರು.

"'ಸದರಿ ನೌಕರರು ಗಂಟೆ ಬಾರಿಸುವ ಮುನ್ನ ತಲೆ ಬಾಚಿಕೊಳ್ಳುತ್ತಾರೆ. ಒಗೆದ ನೀಲಿ ಅಂಗಿ ತೊಟ್ಟಿರುತ್ತಾರೆ. ಅದರ ಎಡ ತೋಳಿನ ಗುಂಡಿ ಸಡಿಲವಾಗಿ ನೇತಾಡುತ್ತಿರುತ್ತದೆ. ಹಗ್ಗ ಎಳೆಯುವಾಗ ಅವರ ತುಟಿಗಳು ಅಲುಗುತ್ತವೆ. ಒಮ್ಮೊಮ್ಮೆ ಕಣ್ಣೊರೆಸಿಕೊಳ್ಳುತ್ತಾರೆ.' ಏನ್ರೀ, ಇದು ಪ್ರಾರ್ಥನೆ ಅಲ್ವಾ?"

ಗುಮಾಸ್ತರು ತಟ್ಟನೆ ಎಡ ತೋಳು ಮುಚ್ಚಿಕೊಂಡರು. ಇಷ್ಟು ಹತ್ತಿರದಿಂದ ನೋಡಿದ ಆ ವೈರಿ ಯಾರು? ಪಕ್ಕದ ಮೇಜಿನ ಹೆಡ್ ಕ್ಲರ್ಕೇ ಇರಬೇಕು!

"ಅಲ್ಲ ಸ್ವಾಮಿ."

"ಮತ್ತೆ ತಲೆ ಯಾಕೆ ಬಾಚ್ತೀರಿ?"

"ಸರಕಾರದ ಮರ್ಯಾದೆಗೆ."

"ಕಣ್ಣೊರೆಸಿಕೊಳ್ಳೋದು?"

"ಮೇಲಿಂದ ಪಾರಿವಾಳದ ಪುಕ್ಕ, ದೂಳು ಬೀಳತ್ತೆ."

"ತುಟಿ?"

ತುಟಿಗಳು ದಿನವೂ ಒಂದೇ ಮಾತು ಆಡುತ್ತಿದ್ದವು: 'ಒಂದು ನಿಮಿಷ ನಿಲ್ಲಿ, ಬಂದೆ.'

"ಲೆಕ್ಕ ಸ್ವಾಮಿ. ಆರೇ ಆರು ಬಡಿತ. ತಪ್ಪಬಾರದಲ್ಲ, ಅದಕ್ಕೆ ಎಣಿಸ್ತೀನಿ."

ನ್ಯಾಯಾಧೀಶರು ಕನ್ನಡಕ ತೆಗೆದರು. "ಕೊನೇದಾಗಿ ನಾನೇ ಕೇಳ್ತೀನಿ. ಆ ಹೊತ್ತಲ್ಲಿ ನಿಮ್ಮ ಮನಸ್ಸಲ್ಲಿ ದೇವರಾಗಲಿ, ಮನುಷ್ಯರಾಗಲಿ, ಯಾರಾದ್ರೂ ಇರ್ತಾರಾ?"

ಹಿಂದಿನ ಬೆಂಚಿನಲ್ಲೆಲ್ಲೋ ಬಳೆಯೊಂದು ಸದ್ದು ಮಾಡಿ ಸುಮ್ಮನಾಯಿತು.

"ಯಾರೂ ಇಲ್ಲ ಸ್ವಾಮಿ," ಎಂದರು ಗುಮಾಸ್ತರು. "ಯಾವತ್ತೂ ಇರ್ಲಿಲ್ಲ."

ಊಟದ ಬಿಡುವಿನ ಬಳಿಕ ತೀರ್ಪು ಬಂತು. ಸಾಕ್ಷಿಯ ಎದೆಯಲ್ಲಿ ದೇವರಿಲ್ಲ, ದೆವ್ವವಿಲ್ಲ, ಮನುಷ್ಯರೂ ಇಲ್ಲ; ಅದು ಶುದ್ಧ ಸರಕಾರಿ ಹೃದಯ. ಆದ್ದರಿಂದ ಗಂಟೆ ಸರಕಾರದ್ದು, ದಾವೆ ವಜಾ. ಆದರೆ ಗಂಟೆಯ ನಿರ್ಮಲತೆ ಈ ಹೃದಯವನ್ನೇ ನೆಚ್ಚಿಕೊಂಡಿರುವುದರಿಂದ ಇನ್ನು ಮುಂದೆ ಇವರೊಬ್ಬರೇ ಅದನ್ನು ಬಾರಿಸತಕ್ಕದ್ದು: ರಜೆಯಿಲ್ಲ, ಬದಲಿಯಿಲ್ಲ, ಒಂದು ಕ್ಷಣ ಹಿಂದುಮುಂದಿಲ್ಲ. ಇಂದಿನ ಗಂಟೆಗೆ ಕೋರ್ಟಿನ ಅಮೀನರು ಖುದ್ದು ಹಾಜರಿರತಕ್ಕದ್ದು.

ಗುಮಾಸ್ತರಿಗೆ ಸ್ವರ್ಗಕ್ಕೆ ಮೂರೇ ಗೇಣು. ದಿನವೂ! ರಜೆಯೇ ಇಲ್ಲದೆ! ಹೆಡ್ ಕ್ಲರ್ಕು ಬೆನ್ನು ತಟ್ಟಿದರು, ಯಜಮಾನರು ಮುಖ ತಿರುಗಿಸಿದರು. ಗುಮಾಸ್ತರು ಯಾವುದನ್ನೂ ಗಮನಿಸದೆ ಹರೆಯದವರಂತೆ ಗೋಪುರ ಹತ್ತಿದರು. ಹಿಂದಿನಿಂದ ಅಮೀನರು ಮೊಣಕಾಲು ಹಿಡಿದುಕೊಂಡು, ಕಾನೂನನ್ನು ಶಪಿಸುತ್ತ ಬಂದರು.

ಕಿಟಕಿಯಿಂದ ಬಗ್ಗಿ ನೋಡಿದರೆ ಷಟರು ಆಗಲೇ ಪೂರ್ತಿ ಇಳಿದಿತ್ತು. ಹೊಸ್ತಿಲು ಬರಿದು.

"ಅಲ್ಲಿಲ್ಲ," ಎಂದಿತು ಬೆನ್ನ ಹಿಂದಿನಿಂದ ಒಂದು ದನಿ. "ಇಲ್ಲಿದೀನಿ."

ಗೋಪುರದ ಬಾಗಿಲಲ್ಲಿ ಆಕೆ ನಿಂತಿದ್ದಳು. ಏರಿ ಬಂದ ಆಯಾಸಕ್ಕೆ ಕೆನ್ನೆ ಕೆಂಪಾಗಿತ್ತು. ಕೊರಳಲ್ಲಿ ಟೇಪು ಇರಲಿಲ್ಲ, ಕೈಯಲ್ಲಿ ಊರಿಗೆ ಹೊರಟ ಚೀಲವಿತ್ತು.

"ಕೇಸು ಹಾಕಿದ್ದು ನಾನೇ," ಎಂದಳು.

"ನೀವಾ? ಗಂಟೆ ಸದ್ದು... ಅಷ್ಟು ತೊಂದ್ರೆ ಆಗ್ತಿತ್ತಾ?"

"ಸದ್ದಿಂದ ನಂಗೇನ್ರೀ ತೊಂದ್ರೆ? ನಾನು ಅಂಗಡಿ ಮುಚ್ಚೋ ಹೊತ್ತಿಗೆ ನೀವು ಮೇಲೆ. ನೀವು ಕೆಳಗಿಳಿಯೋ ಹೊತ್ತಿಗೆ ನನ್ನ ಬಸ್ಸು ಹೋಗಿರುತ್ತೆ. ಈ ಗಂಟೆ ಒಂದು ನಿಂತರೆ ಮನುಷ್ಯ ಕೆಳಗಿಳೀತಾರೆ ಅಂದ್ಕೊಂಡೆ. ಗಂಟೆ ನಿಲ್ಲಿಸೋಕೆ ಬೇರೆ ದಾರಿ ಇಲ್ಲ, ಧರ್ಮ ಸರಕಾರ ಅಂತ ಬರೆದ್ರೆ ಬೇಗ ಆಗುತ್ತೆ ಅಂದ್ರು ವಕೀಲರು."

"ಒಂದು ಸಲ ಕೂಗಿ ಕರೀಬಾರ್ದಿತ್ತಾ?"

"ನೀವು ಕರೀಬಾರ್ದಿತ್ತಾ? ಹೆಂಗಸು ನಾನು ಕೇಸಾದ್ರೂ ಹಾಕಿದೆ. ನೀವು ಅದನ್ನೂ ಹಾಕ್ಲಿಲ್ಲ." ಆಕೆ ನಗಲು ನೋಡಿದಳು, ಆಗಲಿಲ್ಲ. "ನೀವು ಅಂಗಡಿ ಮುಂದೆ ಹಾದುಹೋಗುವಾಗೆಲ್ಲ ಆ ಗುಂಡಿ ನೋಡಿ ನೋಡಿ ನನ್ನ ಕೈ ತುರಿಸ್ತಿತ್ತು. ಇರ್ಲಿ. ಹಿಂದಿನ ಬೆಂಚಲ್ಲಿ ಕೂತು ಎಲ್ಲಾ ಕೇಳಿಸ್ಕೊಂಡೆ. ಪ್ರಮಾಣ ಮಾಡಿ ಹೇಳಿದ್ರಲ್ಲ, ಯಾರೂ ಇಲ್ಲ ಅಂತ. ತಂಗಿ ಊರಿಗೆ ಬಾ ಅಂತಾನೇ ಇದ್ಲು. ಹೊರಟೆ."

"ಸುಳ್ಳು! ಅದು ಸುಳ್ಳು ಹೇಳಿದ್ದು!"

ಮೂಲೆಯಲ್ಲಿ ಮೊಣಕಾಲು ತಿಕ್ಕುತ್ತಿದ್ದ ಅಮೀನರು ಕಿವಿ ನೆಟ್ಟಗೆ ಮಾಡಿದರು. "ಏನ್ರೀ ಸುಳ್ಳು? ಕೋರ್ಟಲ್ಲಿ ಹೇಳಿದ್ದಾ?"

ಅಂಚೆಚೀಟಿ ಮತ್ತೆ ಅಂಗುಳಕ್ಕೆ ಅಂಟಿತು. ಅಮೀನರು ಕೈಗಡಿಯಾರ ನೋಡಿ ಎದ್ದೇಬಿಟ್ಟರು. "ಹೊತ್ತಾಯ್ತು, ಎಳೀರಿ! ಒಂದು ಕ್ಷಣ ತಡ ಆದ್ರೂ ಕೋರ್ಟಿನ ನಿಂದನೆ ಆಗುತ್ತೆ. ನಿಮಗೂ, ನನಗೂ."

ಗುಮಾಸ್ತರ ಕೈ ಅಭ್ಯಾಸಬಲದಿಂದ ಹಗ್ಗ ಎಳೆಯಿತು. ಅದೇ ಗಳಿಗೆಯಲ್ಲಿ ನಾಲಿಗೆಯೂ ಬಿಡಿಸಿಕೊಂಡಿತು. ಇಷ್ಟು ವರ್ಷ ಗಾಳಿಗಷ್ಟೇ ಹೇಳಿದ್ದನ್ನು ಅವರು ಗಂಟಲು ಹರಿಯುವಂತೆ ಕೂಗಿದರು: "ಒಂದು ನಿಮಿಷ ನಿಲ್ಲಿ, ಬಂದೆ! ನೀವೇ ಇದ್ದದ್ದು, ನೀವೇ!" ತಲೆಯ ಮೇಲೆ ಆ ಹಳೆಯ ಲೋಹ ಒಂದೊಂದು ಅಕ್ಷರವನ್ನೂ ನುಂಗಿ ನೀರು ಕುಡಿಯಿತು.

ಆಕೆ ಬಾಗಿಲಲ್ಲಿ ತಿರುಗಿ ನೋಡಿದಳು. ಅವರ ತುಟಿಗಳು ಅಲುಗುತ್ತಿದ್ದವು. ಅದೇನೆಂದು ಆಕೆಗೆ ಈಗ ಗೊತ್ತಿತ್ತು, ಕೋರ್ಟಿನಲ್ಲೇ ಕೇಳಿದ್ದಳಲ್ಲ. ಎಣಿಸುವವರ ಲೆಕ್ಕ ತಪ್ಪಿಸಬಾರದೆಂಬಂತೆ ಮೆಲ್ಲನೆ ತಲೆಯಾಡಿಸಿ, ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಹೊರಟಳು.

ಮೂರನೆಯ ಬಡಿತಕ್ಕೆ ಗುಂಡಿ ಕಿತ್ತುಬಂದು ನೆಲದ ಮೇಲೆ ಉರುಳಿತು. ಗಂಟೆಯ ಅಬ್ಬರದಲ್ಲಿ, ಯಾವ ಸದ್ದೂ ಇಲ್ಲದೆ, ಆಕೆಯ ಹಿಂದೆ ಬಾಗಿಲು ಮುಚ್ಚಿಕೊಂಡಿತು.