ಹಿಡೀತೋ, ಬಿಡ್ತೋ

ನನ್ನ ಕೆಲಸ ಏನೆಂದು ಬಾಯಿಬಿಟ್ಟರೆ ಶಿರಸಿಯಲ್ಲಿ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ರಕ್ತದೊಳಗಿನ ಪ್ರೋಟೀನು ಟೈಟಾನಿಯಂ ಲೋಹಕ್ಕೆ ಹೇಗೆ ಅಂಟಿಕೊಳ್ಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ನನ್ನ ಸಂಶೋಧನೆ. ಹಗಲು ಕಾಲೇಜಿನಲ್ಲಿ ಪಾಠ, ಮನೆಗೆ ಬಂದರೆ ಇದು.

ಕಾವಲಿ

ಪಕ್ಕದ ಮನೆಯ ಅಕ್ಕ ದೋಸೆ ಕಾವಲಿ ಹಿಡಿದುಕೊಂಡೇ ಬಂದಳು. ದೋಸೆ ಏಳುತ್ತಿಲ್ಲ, ಅಂಟುವ ವಿದ್ಯೆ ಓದಿದವಳು ನೀನೇ ತಾನೆ, ನೋಡು ಎಂದಳು. ಕಬ್ಬಿಣ, ಹಿಟ್ಟು, ನೀರು ಎಲ್ಲ ಸೇರಿಸಿ ಲೆಕ್ಕ ಹಾಕಬೇಕು, ಸಾಸಿವೆ ಕಾಳಿನಷ್ಟು ಜಾಗಕ್ಕೂ ನನ್ನ ಕಂಪ್ಯೂಟರಿಗೆ ಈ ಜನ್ಮ ಸಾಲದು ಎಂದೆ. ಅವಳು ಕಾವಲಿ ವಾಪಸ್ ತೆಗೆದುಕೊಂಡಳು.

"ಅಡ್ಡಿಲ್ಲೆ. ಇವತ್ತು ಅವಲಕ್ಕಿ ಮಾಡ್ತೆ."

ಪರದೆ

ನಮ್ಮಮ್ಮನನ್ನು ನಾವು ಕರೆಯುವುದು ಆಯಿ ಎಂದು. ಆಯಿಯ ಸೊಂಟದ ಕೀಲು ಸವೆದು ಹೋಗಿತ್ತು. ಟೈಟಾನಿಯಂ ಕೀಲು ಕೂರಿಸದಿದ್ದರೆ ಹಾಸಿಗೆಯೇ ಗತಿ ಎಂದರು ಡಾಕ್ಟರು. ಆಯಿಗೆ ಜೀವ ಹಾರುವಷ್ಟು ಹೆದರಿಕೆ. ಲೋಹಕ್ಕೆ ಮೊದಲು ಪ್ರೋಟೀನು ಅಂಟುತ್ತದೆ, ಆಮೇಲೆ ಎಲುಬು ಅದನ್ನು ಹಿಡಿದುಕೊಳ್ಳುತ್ತದೆ ಎಂದು ಹೇಳಿ, ಧೈರ್ಯ ಬರಲಿ ಎಂದು ನಾನೇ ಕಂಪ್ಯೂಟರಿನ ಎದುರು ಕೂರಿಸಿದೆ. ಪರದೆಯ ಮೇಲೆ ಪ್ರೋಟೀನು ಕುಣಿಯುತ್ತ ಲೋಹದ ಹತ್ತಿರ ಬಂತು, ಸುಮ್ಮನೆ ಮುಟ್ಟಿತು, ನೀರಿನಲ್ಲಿ ತೇಲಿ ಹೋಯಿತು. ನನ್ನ ಗ್ರಹಚಾರ!

"ಬಿಟ್ಟಿಕ್ಕಿ ಹೋತಲೆ," ಎಂದಳು ಆಯಿ.

ಕೆಲವು ಸಲ ಹೀಗೂ ಆಗುತ್ತದೆ, ಹತ್ತಾರು ಸಲ ನಡೆಸಿ ನೋಡಬೇಕು ಎಂದೆಲ್ಲ ಬಡಬಡಿಸಿದೆ. ನಿನಗೇ ಖಾತ್ರಿ ಇಲ್ಲದಿದ್ದರೆ ದೇವರನ್ನೇ ಕೇಳುವುದು ಒಳ್ಳೆಯದು ಎಂದು ಎದ್ದಳು. ನನಗೆ ಅಳುವೇ ಬಂತು.

ಎಸಳು

ಪ್ರಸಾದ ಕೇಳಲು ದೇವಸ್ಥಾನಕ್ಕೆ ಹೋದೆವು. ಪ್ರಸಾದ ಕೇಳುವುದೆಂದರೆ, ಭಟ್ಟರು ದೇವರ ಕಲ್ಲಿಗೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಎಡಕ್ಕೆ ಬಿದ್ದರೆ ಆಯಿಯ ನಡಿಗೆ ಅಲ್ಲಿಗೆ ಮುಗಿಯಿತು.

ಎಸಳು ಬೀಳಲೇ ಇಲ್ಲ. ಭಟ್ಟರು ಗಂಟೆ ಬಾರಿಸಿದರು, ಮತ್ತೊಮ್ಮೆ ಪ್ರಾರ್ಥನೆ ಮಾಡಿದರು, ಕೊನೆಗೆ ಗಡ್ಡ ಕೆರೆದುಕೊಂಡರು. ಇಂಥದ್ದು ತಾವು ಕಂಡಿಲ್ಲವಂತೆ. ಆಯಿ ಮಾತ್ರ ಕೋಲೂರಿಕೊಂಡು ಎಸಳನ್ನೇ ನೋಡುತ್ತಿದ್ದಳು. ಕಲ್ಲಿಗೆ ಹಿಡಿದಿದ್ದು ಎಲುಬಿಗೆ ಹಿಡಿಯದೇ ಇರುತ್ತದೆಯೇ ಎಂದು ನನ್ನನ್ನೇ ಕೇಳಿದಳು.

"ಗಟ್ಟಿ ಹಿಡ್ಕಂಜು. ಆಪರೇಶನ್ ಮಾಡ್ಸನ."

ಕೈಮುಗಿದು ತಿರುಗಿದೆವು. ಬಾಗಿಲು ದಾಟುವಷ್ಟರಲ್ಲಿ ಭಟ್ಟರು ಹಿಂದಿನಿಂದ ಕೂಗಿದರು, ಅಕ್ಕಾ, ಎಡಕ್ಕೆ ಬಿತ್ತು ಎಂದು.

ಆಯಿ ನನ್ನ ರಟ್ಟೆ ಹಿಡಿದು ಎಂದೂ ಇಲ್ಲದ ಬಿರುಸಿನಲ್ಲಿ ಮೆಟ್ಟಿಲಿಳಿದಳು.

"ಎನ್ನ ಸರದಿ ಮುಗತ್ತು ಭಟ್ರೇ. ಅದು ಮುಂದಿನವ್ರದ್ದು."