ಅಧ್ಯಕ್ಷರ ಮನೆಯ ಜನಾಭಿಪ್ರಾಯ

ಗಂಡ ಹೆಂಡತಿ ಜಗಳವಾಡುವುದಕ್ಕೆ ಅಡುಗೆಮನೆಯಿದೆ, ಹಿತ್ತಲಿದೆ, ತೀರಾ ತಡೆಯದಿದ್ದರೆ ಹೆಂಡತಿಯ ತವರುಮನೆಯಿದೆ. ಅದೆಲ್ಲ ಬಿಟ್ಟು ರಸ್ತೆಯ ಆಚೆಗೊಂದು ಈಚೆಗೊಂದು ಶಾಮಿಯಾನ ಹಾಕಿಸಿ, ಮೈಕು ಕಟ್ಟಿಸಿ, ಪೊಲೀಸರ ಪರ್ಮಿಷನ್ ತೆಗೆದುಕೊಂಡು ಜಗಳವಾಡಿದ ದಂಪತಿ ಇಡೀ ಗರುಡಾಚಾರ್‌ಪಾಳ್ಯದಲ್ಲಿ ಮುನಿಶಾಮಿ ಮತ್ತು ಅಕ್ಕಯಮ್ಮ ಮಾತ್ರ.

ಕಾರಣ ರಸ್ತೆ. ಎರಡು ಸಾವಿರದ ಆರನೇ ಇಸವಿಯಲ್ಲಿ ಊರಬೀದಿಯನ್ನು ಅಗಲ ಮಾಡುತ್ತೇವೆಂದು ಟೇಪು ಹಿಡಿದು ಬಂದವರು ಮನೆಮನೆಯ ಗೋಡೆಗೂ ಕೆಂಪು ಬಣ್ಣದಲ್ಲಿ ಗೀಟು ಎಳೆದು ಹೋದರು. ಮುನಿಶಾಮಿಯ ಮನೆಯಲ್ಲಿ ಗೀಟು ಬಿದ್ದ ಲೆಕ್ಕಕ್ಕೆ ಜಗುಲಿ, ಮುಂದಿನ ಕೋಣೆ, ಪಕ್ಕದ ಬಾಡಿಗೆ ರೂಮು ರಸ್ತೆಯ ಪಾಲು; ನಡುಮನೆ, ಅಡುಗೆಮನೆ ದಂಪತಿಯ ಪಾಲು. ಕೋಣೆ ಹೋದರೂ ಮುನಿಶಾಮಿ ಸಹಿಸಿಕೊಳ್ಳುತ್ತಿದ್ದನೇನೋ. ಜಗುಲಿಯೆಂದರೆ ಮಾತ್ರ ಅವನಿಗೆ ಪ್ರಾಣ. ಹೊಲ ಹೋಗಿ ಅಲ್ಲಿ ಫ್ಯಾಕ್ಟರಿ ಎದ್ದ ಮೇಲೆ ಅವನಿಗೆ ಉಳಿದಿದ್ದ ಒಂದೇ ಉದ್ಯೋಗವೆಂದರೆ ಆ ಜಗುಲಿಯ ಮೇಲೆ ಕೂತು ಹೋಗಿಬರುವವರನ್ನು ವಿಚಾರಿಸುವುದು (ಸಂಬಳವಿಲ್ಲದ ಆ ಹುದ್ದೆಯಲ್ಲಿ ಅವನು ಒಂದು ದಿನವೂ ರಜೆ ಹಾಕಿದವನಲ್ಲ). ಹೀಗಾಗಿ ಅವನು ಊರಿನ ಗಂಡಸರನ್ನೆಲ್ಲ ಸೇರಿಸಿ 'ಗ್ರಾಮಠಾಣಾ ಸಂರಕ್ಷಣಾ ಹೋರಾಟ ಸಮಿತಿ' ಕಟ್ಟಿ, ಬೇರೆ ಯಾರೂ ಬಾಯಿ ಬಿಡುವ ಮೊದಲೇ ಅದಕ್ಕೆ ಅಧ್ಯಕ್ಷನಾದ.

ಟೇಪಿನವರು ಇನ್ನೊಂದು ಮಾತನ್ನೂ ಹೇಳಿ ಹೋಗಿದ್ದರು. ರಸ್ತೆ ಅಗಲವಾದರೆ ಅದರಡಿಯಲ್ಲಿ ಕಾವೇರಿ ನೀರಿನ ಪೈಪು ಬರುತ್ತದೆ, ಇಲ್ಲದಿದ್ದರೆ ಇಲ್ಲ. ಗಂಡಸರಿಗೆ ಮೊದಲನೆಯ ಮಾತು ಕೇಳಿಸಿತು, ಹೆಂಗಸರಿಗೆ ಎರಡನೆಯದು. ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿ ಓಡಿ ಅಕ್ಕಯಮ್ಮನ ಸೊಂಟ ಹಿಡಿದುಕೊಂಡಿತ್ತು. ಒಂದು ಬೆಳಿಗ್ಗೆ ಟ್ಯಾಂಕರ್ ಬರದೇ ಹೋದಾಗ ಅವಳು ಖಾಲಿ ಕೊಡವನ್ನು ಸೊಂಟದಿಂದ ಇಳಿಸಿ ರಸ್ತೆಯ ಆಚೆ ಬದಿಯಲ್ಲಿ ಕುಕ್ಕಿ, ಅದರ ಪಕ್ಕದಲ್ಲೇ ಕೂತುಬಿಟ್ಟಳು. ಮಧ್ಯಾಹ್ನದೊಳಗೆ ಊರಿನ ಹೆಂಗಸರೆಲ್ಲ ಕೊಡದೊಂದಿಗೆ ಅಲ್ಲಿದ್ದರು. 'ನೀರು ಕೊಡಿ ಮಹಿಳಾ ಹೋರಾಟ' ಶುರುವಾಯಿತು.

"ನಮ್ಮ ಮನೆ ಉಳಿಸಿ!" ಎಂದು ಈಚೆ ಮೈಕಿನಲ್ಲಿ ಅಧ್ಯಕ್ಷರು ಗುಡುಗುವರು.

"ಮನೇಲಿ ತೊಟ್ಟು ನೀರಿಲ್ಲ, ಮನೆ ಇಟ್ಕೊಂಡು ನೆಕ್ತೀರಾ?" ಎಂದು ಆಚೆ ಮೈಕಿನಲ್ಲಿ ಅಧ್ಯಕ್ಷರ ಧರ್ಮಪತ್ನಿ ಕೇಳುವಳು.

ಊಟದ ಹೊತ್ತಿಗೆ ಕದನವಿರಾಮ. ಅಕ್ಕಯಮ್ಮ ಮನೆಗೆ ಹೋಗಿ ಮುದ್ದೆ ತಿರುವಿ ಬಡಿಸುವಳು, ಮುನಿಶಾಮಿ ಮಾತಾಡದೆ ಉಣ್ಣುವನು. ಕೈ ತೊಳೆಯಲು ಎರಡನೇ ಚೊಂಬು ಕೇಳಿದರೆ ಮಾತ್ರ ಅವಳು ಅವನನ್ನೇ ನೋಡುವಳು. ಅವನು ಮೊದಲನೇ ಚೊಂಬಿನಲ್ಲೇ ಮುಗಿಸುವನು.

ಗಂಡಸರ ಶಾಮಿಯಾನ ಸರಿಯಾಗಿ ರಸ್ತೆಯ ತಿರುವಿನಲ್ಲಿತ್ತು. ಅದು ತುಂಬಿರುವವರೆಗೆ ಮನೆ ಒಡೆಯುವ ಮಿಷನ್ನು ಒಳಗೆ ಬರುವಂತಿರಲಿಲ್ಲ. ಅದು ಕೆರೆ ಏರಿಯ ಹತ್ತಿರ ನಿಂತು ತುಕ್ಕು ಹಿಡಿಯುತ್ತಿತ್ತು, ಡ್ರೈವರು ಇಸ್ಪೀಟು ಆಡುತ್ತಿದ್ದ.

ಹೀಗೇ ನಡೆದಿದ್ದರೆ ಮುನಿಶಾಮಿ ಇವತ್ತಿಗೂ ಜಗುಲಿಯ ಮೇಲಿರುತ್ತಿದ್ದ. ಕೆಟ್ಟಿದ್ದು ಒಂದು ಪೇಪರಿನಿಂದ. ಪಾಳ್ಯದ ಜನ ಯಾವ ಹೋರಾಟದ ಕಡೆ ಇದ್ದಾರೆ ಎಂದು ಇಂದಿರಾನಗರದ ಸಂಸ್ಥೆಯೊಂದು ಸಮೀಕ್ಷೆ ಮಾಡುತ್ತದಂತೆ, ಮನೆಮನೆಗೆ ಬಂದು ಕೇಳುತ್ತದಂತೆ. ಸಮಿತಿಯ ಉಪಾಧ್ಯಕ್ಷ ರಾಮಾಂಜಿನಪ್ಪ ಅದನ್ನು ಶಾಮಿಯಾನದಲ್ಲಿ ಗಟ್ಟಿಯಾಗಿ ಓದಿದ.

"ಅಣ್ಣ, ಬರೋದು ಹಗಲೊತ್ತಲ್ಲಿ. ನಾವೆಲ್ಲ ಇಲ್ಲಿರ್ತೀವಿ. ಹೆಂಗಸ್ರು ಟ್ಯಾಂಕರ್ ಬಂತು ಅಂತ ಮನೆಗೆ ಓಡ್ತಾನೇ ಇರ್ತಾರೆ. ಅವ್ರೇ ಸಿಗ್ತಾರೆ, ಅವ್ರೇ ಹೇಳ್ತಾರೆ. ನಾವು ಹೊಗೆ!"

ಮುನಿಶಾಮಿ ಕಣ್ಣುಮುಚ್ಚಿ ಚಿಂತಿಸಿದ. ತೆರೆದಾಗ ಅವನ ಮುಖದಲ್ಲಿ ಒಂದು ಪ್ರಭೆಯಿತ್ತು (ಅವನ ಮುಖದಲ್ಲಿ ಪ್ರಭೆ ಕಂಡಾಗಲೆಲ್ಲ ಅಕ್ಕಯಮ್ಮ ಹಾಲಿನ ಪಾತ್ರೆಯನ್ನು ದೂರ ಇಡುತ್ತಿದ್ದಳು).

"ಸೋಮವಾರ ಸಮೀಕ್ಷೆ ತಾನೆ? ಅವತ್ತು ಒಬ್ಬ ಗಂಡಸೂ ಮನೆ ಬಿಟ್ಟು ಆಚೆ ಕಾಲಿಡಂಗಿಲ್ಲ. ಬಾಗ್ಲಲ್ಲೇ ಕಾಯ್ಕೊಂಡಿದ್ದು ನಮ್ಮ ಅಭಿಪ್ರಾಯ ಹೇಳ್ಬೇಕು."

"ಶಾಮಿಯಾನ ಖಾಲಿ ಆಗತ್ತಲ್ಲಣ್ಣ?"

"ಶಾಮಿಯಾನಕ್ಕೆ ಅಭಿಪ್ರಾಯ ಐತೇನೋ? ಇರ್ಲಿ ಬಿಡು, ಅದೇನು ಓಡೋಗಲ್ಲ."

ಬಾಡಿಗೆ ರೂಮಿನಲ್ಲಿ ರಾಯಚೂರು ಕಡೆಯ ಬಸಣ್ಣ, ಅವನ ಹೆಂಡತಿ ಜಟ್ಟೆಮ್ಮ ಇದ್ದರು. ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುವವರು. ಅಧ್ಯಕ್ಷರು ಅವರನ್ನು ಜಗುಲಿಗೆ ಕರೆಸಿ ಪಾಠ ಹೇಳಿದರು.

"ನಾವು ಗ್ರಾಮಠಾಣಾ ಸಂರಕ್ಷಣಾ ಹೋರಾಟಕ್ಕೆ ಸಂಪೂರ್ಣ ಬೆಂಬಲ ಸೂಚಿಸುತ್ತೇವೆ. ಹೇಳಮ್ಮ."

"ಗ್ರಾಮಠಾಣಾ... ಸಂ... ಓನರ್ರ, 'ನಮ್ ಓನರ್ ಹೇಳಿದ್ದ ಖರೆ' ಅಂದ್ರ ಆಗೂದಿಲ್ಲೇನ್ರೀ?" ಎಂದಳು ಜಟ್ಟೆಮ್ಮ.

"ಆಗಲ್ಲ. ಸ್ವಂತ ಅಭಿಪ್ರಾಯ ಇರ್ಬೇಕು. ನಾನು ಹೇಳ್ಕೊಟ್ಟಿದ್ದನ್ನೇ ಹೇಳು."

"ಸೋಮವಾರ ಸ್ಲ್ಯಾಬ್ ಕೆಲ್ಸ ಐತ್ರೀ," ಎಂದು ಬಸಣ್ಣ ತಲೆ ಕೆರೆದುಕೊಂಡ. "ಹೋಗ್ಲಿಲ್ಲಂದ್ರ ಮೇಸ್ತ್ರಿ ಬ್ಯಾರೇದವ್ರನ್ನ ಹಚ್ಚತಾನ."

"ರೂಮೇ ಹೋದ್ರೆ ಎಲ್ಲಿರ್ತೀಯಪ್ಪ? ಒಂದಿನ ಬಿಡು." ಓನರ್ ಅಷ್ಟು ಹೇಳಿದ ಮೇಲೆ ಬಸಣ್ಣ ಸೋಮವಾರದ ಕೆಲಸ ಬಿಡಲು ಒಪ್ಪಿದ.

ಭಾನುವಾರ ಊಟಕ್ಕೆ ಬಡಿಸುತ್ತ ಅಕ್ಕಯಮ್ಮ ಬಹಳ ದಿನಗಳ ಮೇಲೆ ತಾನಾಗಿ ಬಾಯಿ ತೆಗೆದಳು.

"ನಾಳೆ ನಿಮ್ಮ ಶಾಮಿಯಾನದಲ್ಲಿ ಯಾರೂ ಕೂರಲ್ವಂತೆ?"

"ಅದು ಸಮಿತಿಯ ರಹಸ್ಯ."

"ಏನ್ ರಹಸ್ಯ! ಟ್ಯಾಂಕರ್ ಹತ್ರ ರಾಮಾಂಜಿನಪ್ಪನ ಹೆಂಡ್ತಿ ಎಲ್ರಿಗೂ ಹೇಳ್ತಿದ್ಲು. ನಾಕು ಜನನಾದ್ರೂ ಕೂರ್ಸಿ. ಆ ಮಿಷನ್ನು ಏರಿ ಹತ್ರಾನೇ ನಿಂತದೆ."

"ನಾಕು ಜನ ಅಲ್ಲಿ ಕೂತ್ರೆ ನಿಂಗೆ ನಾಕು ಓಟು ಲಾಭ. ನಂಗೇನ್ ಗೊತ್ತಾಗಲ್ಲ ಅಂದ್ಕೊಂಡಿದೀಯಾ?"

ಅಕ್ಕಯಮ್ಮ ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟು ಎದ್ದು ಹೋದಳು. ಎದುರಾಳಿಯ ತಂತ್ರವನ್ನು ಮೊಳಕೆಯಲ್ಲೇ ಚಿವುಟಿದೆನೆಂದು ಮುನಿಶಾಮಿ ಇನ್ನೊಂದು ಮುದ್ದೆಯನ್ನು ತಾನೇ ಹಾಕಿಕೊಂಡ.

ಸೋಮವಾರ ಅವನು ಬಿಳಿ ಪಂಚೆ ಉಟ್ಟು, ಹೆಂಡತಿ ನಡುವೆ ಒಳಗೆ ನುಗ್ಗದಂತೆ ಬಾಗಿಲಿಗೆ ಅಗುಳಿ ಹಾಕಿ, ನಡುಮನೆಯಲ್ಲಿ ಕುರ್ಚಿ ಹಾಕಿ ಕೂತ. ಬೀದಿಯ ಉದ್ದಕ್ಕೂ ಮನೆಗೊಬ್ಬ ಗಂಡಸು ಹೀಗೇ ಕೂತಿದ್ದ. ಹೆಂಗಸರು ಎಂದಿನಂತೆ ಕೊಡದೊಂದಿಗೆ ಧರಣಿಗೆ ಹೋಗಿದ್ದರು. ಸಮೀಕ್ಷೆಯ ಹುಡುಗಿ ಮಾತ್ರ ಬರಲಿಲ್ಲ. ಅವಳು ಕೃಷ್ಣರಾಜಪುರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಬೇಸತ್ತು ವಾಪಸ್ಸು ಹೋದಳೆಂದು ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಬಾಗಿಲ ಮೇಲೆ ದಬದಬನೆ ಸದ್ದಾಯಿತು. ಅಕ್ಕಯಮ್ಮ.

"ರೀ, ಆಚೆ ಬನ್ರೀ! ಮಿಷನ್ ಬಂತು! ಶಾಮಿಯಾನ ಕಿತ್ತಾಕಿದ್ರು!"

ಮುನಿಶಾಮಿ ಎದ್ದವನು ಅರ್ಧ ದಾರಿಯಲ್ಲಿ ನಿಂತ. ಸಮೀಕ್ಷೆಯವರು ಬೀದಿಯ ತುದಿಗೆ ಬಂದಿರಬೇಕು. ತಾನು ಆಚೆ ಓಡಿದರೆ ಇವಳು ಒಳಗೆ ಸೇರಿಕೊಂಡು ಮನೆಯ ಅಭಿಪ್ರಾಯವನ್ನೇ ಹೊಡೆದುಕೊಂಡುಬಿಡುತ್ತಾಳೆ. ಎಂಥ ಚಾಣಾಕ್ಷೆ! ಅವನು ಮೆಲ್ಲಗೆ ಹೋಗಿ ಬಾಗಿಲಿಗೆ ಮೇಲಿನ ಅಗುಳಿಯನ್ನೂ ಹಾಕಿ ಬಂದ. ಅಕ್ಕಪಕ್ಕದ ಬಾಗಿಲುಗಳ ಮೇಲೂ ಹೆಂಗಸರು ಬಡಿಯುವ ಸದ್ದು ಕೇಳುತ್ತಿತ್ತು. ಒಬ್ಬನೂ ತೆಗೆಯಲಿಲ್ಲ. ಅಧ್ಯಕ್ಷರ ಆದೇಶವನ್ನು ಸಮಿತಿ ಇಷ್ಟು ಒಗ್ಗಟ್ಟಾಗಿ ಪಾಲಿಸಿದ್ದು ಅದೇ ಮೊದಲು.

"ಕಾಲಿಗೆ ಬೀಳ್ತೀನಿ, ತೆಗೀರಿ!" ಎಂದು ಅವಳು ಅಳುವುದು ಕೇಳಿದಾಗ ಅವನ ಎದೆ ಒಂದು ಸಲ ಅಳುಕಿತು. ಆದರೂ ಕೈ ಏಳಲಿಲ್ಲ. ಆಮೇಲೆ ಕುರ್ಚಿಯ ಕೆಳಗಿನ ನೆಲ ನಡುಗಿತು, ಮೇಲಿನಿಂದ ಮಣ್ಣು ತಲೆಯ ಮೇಲೆ ಉದುರಿತು. ಅವನು ಅಗುಳಿ ತೆಗೆದಾಗ ಬಾಗಿಲಿನ ಆಚೆ ಇಬ್ಬರು ಪೊಲೀಸರು, ಅವರ ಹಿಂದೆ ಧೂಳು. ಜಗುಲಿ ಆಗಲೇ ಇರಲಿಲ್ಲ. ಅವನನ್ನು ತೋಳು ಹಿಡಿದು ಆಚೆ ನಿಲ್ಲಿಸಿ, ಮುಂದಿನ ಕೋಣೆಯನ್ನೂ ಬಾಡಿಗೆ ರೂಮನ್ನೂ ಅವನ ಕಣ್ಣೆದುರೇ ಕೆಡವಿದರು. ಬಿಳಿ ಪಂಚೆಯ ಅಧ್ಯಕ್ಷರು ಬೀದಿಯಲ್ಲಿ ನಿಂತು ಚಿಕ್ಕ ಮಕ್ಕಳಂತೆ ಅತ್ತರು. ಅಕ್ಕಯಮ್ಮ ಅವನ ಪಕ್ಕದಲ್ಲಿ ನಿಂತಿದ್ದಳು. ನೀರು ಕೇಳಿದ ಹೆಂಗಸರೂ ಅವತ್ತು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಜಟ್ಟೆಮ್ಮನ ಟ್ರಂಕು, ಒಲೆ, ಪಾತ್ರೆಗಳನ್ನು ಯಾರೋ ಎತ್ತಿ ಬೀದಿಗಿಟ್ಟಿದ್ದರು. ಬಸಣ್ಣನ ಕೆಲಸ ಆ ಒಂದು ದಿನಕ್ಕೇ ಹೋಗಿತ್ತು. ಹೊಸ ರೂಮು ಹುಡುಕಿಕೊಂಡು ಕೃಷ್ಣರಾಜಪುರದ ಕಡೆ ಹೊರಟಾಗ ಜಟ್ಟೆಮ್ಮ ಗಂಟು ತಲೆಯ ಮೇಲಿಟ್ಟುಕೊಂಡು ಮುನಿಶಾಮಿಯ ಎದುರು ನಿಂತಳು.

"ನಾವು ಗ್ರಾಮಠಾಣಾ ಸಂರಕ್ಷಣಾ ಹೋರಾಟಕ್ಕೆ ಸಂಪೂರ್ಣ ಬೆಂಬಲ ಸೂಚಿಸುತ್ತೇವೆ. ಬರೋಬ್ಬರಿ ಬಂತಲ್ರೀ ಓನರ್ರ? ಯಾರೂ ಕೇಳಾಕ ಬರ್ಲೇ ಇಲ್ಲ."

ಅವಳು ಚುಚ್ಚಿ ಹೇಳಿದ್ದಲ್ಲ. ಕಲಿತಿದ್ದನ್ನು ಒಪ್ಪಿಸಿ ಹೋದಳು ಅಷ್ಟೆ. ಮುನಿಶಾಮಿಗೆ ಆ ಮಾತು ಬೈಗುಳಕ್ಕಿಂತ ಹೆಚ್ಚು ತಾಕಿತು.

ಸಮೀಕ್ಷೆಯ ಹುಡುಗಿ ಮುಂದಿನ ವಾರ ಬಂದಳು. ಹೆಸರು ಸುಕನ್ಯ. ಇಟ್ಟಿಗೆ ರಾಶಿ ದಾಟಿಕೊಂಡು ಬಂದವಳು, ಮನೆಯಲ್ಲಿರುವವರಲ್ಲಿ ಯಾರ ಹುಟ್ಟಿದ ದಿನ ಮೊದಲು ಬರುತ್ತದೋ ಅವರನ್ನು ಮಾತ್ರ ಕೇಳುವುದು ತನ್ನ ಪದ್ಧತಿ ಎಂದಳು.

"ಮನೆ ಯಜಮಾನ ನಾನಮ್ಮ. ಹೋರಾಟದ ಅಧ್ಯಕ್ಷ ನಾನು. ನನ್ನ ಕೇಳು!"

"ಇಲ್ಲ ಸರ್, ರೂಲ್ಸ್ ಪ್ರಕಾರ ಮೇಡಂದೇ ಬರತ್ತೆ. ನೀವು ಸ್ವಲ್ಪ ಆ ಕಡೆ ಹೋಗ್ತೀರಾ? ಬೇರೆಯವ್ರು ಕೇಳಿಸ್ಕೋಬಾರ್ದು."

ಮುಂದಿನ ಗೋಡೆಯೇ ಇಲ್ಲದ ಮನೆಯಲ್ಲಿ ಎಷ್ಟು ದೂರ ಹೋಗುವುದು? ಅವನು ರಸ್ತೆಯ ಮಧ್ಯಕ್ಕೆ ಹೋಗಿ ನಿಂತ. ಅಕ್ಕಯಮ್ಮ ಒಂದೇ ಒಂದು ಮಾತು ಹೇಳಿದ್ದು ಅಲ್ಲಿಂದ ಕಾಣಿಸಿತು. ಹುಡುಗಿ ಹೋದದ್ದೇ ತಡ, ಅವನು ಒಳಗೆ ಬಂದು ಕೂಗಾಡಿದ. ಸ್ವಂತ ಹೆಂಡತಿಯೇ ಗಂಡನ ಹೋರಾಟಕ್ಕೆ ಮಣ್ಣು ಹಾಕಿದಳು, ಇನ್ನು ಊರವರನ್ನು ಅಂದು ಏನು ಪ್ರಯೋಜನ, ಅಂದ. ಅವಳು ಏನು ಹೇಳಿದಳೆಂದು ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಅವಳೂ ಹೇಳಲಿಲ್ಲ.

ಪೈಪು ಹೂತರು. ಅದರಲ್ಲಿ ಗಾಳಿ ಬಿಟ್ಟರೆ ಇನ್ನೇನೂ ಬರಲಿಲ್ಲ. ಅದಕ್ಕಿಂತ ಮೊದಲೇ ಸಮೀಕ್ಷೆಯ ಫಲಿತಾಂಶ ಪೇಪರಿನಲ್ಲಿ ಬಂತು. ಪಾಳ್ಯದಲ್ಲಿ ಕೇಳಿದವರ ಪೈಕಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ನೀರಿನ ಹೋರಾಟದ ಕಡೆ. ಮನೆಯ ಮುಂಭಾಗ ಹೋದ ಮೇಲೆ ನೀರಾದರೂ ಬರಲೆಂದು ಸಮಿತಿಯ ಗಂಡಸರೇ ಹೇಳಿದ್ದರೆಂಬುದು ಸ್ಪಷ್ಟವಾಗಿತ್ತು.

ಮುನಿಶಾಮಿಗೆ ಉಳಿದವರು ಕಾಣಲಿಲ್ಲ, ಆ ಒಬ್ಬ ಕಂಡ. ಎಲ್ಲರೂ ಕೈಬಿಟ್ಟಾಗ ತನ್ನ ಕಡೆ ನಿಂತ ಆ ಪುಣ್ಯಾತ್ಮ ಯಾರು? ಅವನಿಗೆ ಶಾಲು ಹೊದಿಸಿ, ಹಾರ ಹಾಕಿ, ಬಹಿರಂಗವಾಗಿ ಸನ್ಮಾನ ಮಾಡುತ್ತೇನೆಂದು ಊರೆಲ್ಲ ಸಾರಿದ. ಶಿವಾಜಿನಗರಕ್ಕೆ ಹೋಗಿ ಜರಿಯಂಚಿನ ಶಾಲನ್ನೂ ತಂದ.

"ಅಣ್ಣ, ನಿಂಗೆ ಗೊತ್ತಾಗ್ಲಿಲ್ವಾ? ಆ ಒಬ್ಬ ನಾನೇ," ಎಂದು ರಾಮಾಂಜಿನಪ್ಪ ಬೆಳಿಗ್ಗೆಯೇ ಬಂದು ಕಣ್ಣೊರೆಸಿಕೊಂಡ. ಮುನಿಶಾಮಿ ಅವನನ್ನು ತಬ್ಬಿಕೊಂಡ. ಮಧ್ಯಾಹ್ನದೊಳಗೆ ಖಜಾಂಚಿ ಬಂದು ಆ ಒಬ್ಬ ತಾನೇ ಎಂದ. ಸಂಜೆಗೆ ಕಾರ್ಯದರ್ಶಿಯೂ ಬಂದ. ಮೂವರೂ ಮಕ್ಕಳ ಮೇಲೆ ಆಣೆ ಇಟ್ಟರು. ಆಮೇಲೆ ಮುರಿದ ಗೋಡೆಯ ಹತ್ತಿರ ನಿಂತು, ಸುಳ್ಳುಗಾರ ನೀನು, ನೀನು ಎಂದು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡರು.

ಮುನಿಶಾಮಿ ತಲೆ ಹಿಡಿದುಕೊಂಡು ಅಡುಗೆಮನೆಗೆ ಬಂದ.

"ಮೂರು ಜನಾನೂ ನಾನೇ ಅಂತಾರೆ ಕಣೇ. ಶಾಲು ಯಾರಿಗೆ ಹೊದಿಸ್ಲಿ?"

ಅಕ್ಕಯಮ್ಮ ಒಲೆಯ ಮೇಲಿನ ಪಾತ್ರೆಯಿಂದ ಕಣ್ಣೆತ್ತಲಿಲ್ಲ.

"ಯಾರಿಗೂ ಬೇಡ. ಅಂಗಡಿಗೆ ವಾಪಸ್ ಕೊಟ್ಬಿಡಿ. ಆ ಒಬ್ರು ನಾನು."

ಅವನು ತಲೆಯಿಂದ ಕೈ ತೆಗೆದ.

"ನೀನಾ? ಮತ್ತೆ... ನಿನ್ನ ನೀರು?"

"ನೀರಿಗೆ ಊರೇ ಹೇಳತ್ತೆ ಅಂತ ಗೊತ್ತಿತ್ತು," ಎಂದಳು ಅಕ್ಕಯಮ್ಮ. "ನಿಮಗೆ ಯಾರಿದ್ರು?"

ಮುನಿಶಾಮಿ ಅಲ್ಲೇ ನೆಲದ ಮೇಲೆ ಕೂತ. ಬಾಗಿಲು ಬಡಿದ ಅವಳ ಕೈಯ ಊತ ಇನ್ನೂ ಪೂರ್ತಿ ಇಳಿದಿರಲಿಲ್ಲ. ಅದನ್ನು ಅವನು ಈಗ ನೋಡಿದ, ನಾಚಿಕೆಯಿಂದ ತಲೆ ತಗ್ಗಿಸಿದ. ಹೊರಗಿನಿಂದ ಮೂವರೂ "ಅಧ್ಯಕ್ಷರೇ, ಬಂದು ನ್ಯಾಯ ಹೇಳಿ" ಎಂದು ಕೂಗುತ್ತಲೇ ಇದ್ದರು. ಹಾಕಿಕೊಳ್ಳೋಣವೆಂದರೆ ಮುಂಬಾಗಿಲೂ ಇರಲಿಲ್ಲ.